ಕಾಣದ ನಳಿಕೆಯ ನಂಬರು

ನೂಲು ಕೊಳ್ಳಲು ಹೋದ ನೇಕಾರ ಎಳೆಯ ದಪ್ಪ ಎಷ್ಟು ಎಂದು ಕೇಳುವುದಿಲ್ಲ. ನಂಬರ್ ಎಷ್ಟು ಎಂದು ಕೇಳುತ್ತಾನೆ. ಒಂದು ಪೌಂಡ್ ತೂಕದ ಹತ್ತಿನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ಆ ನೂಲಿನ ನಂಬರು. 40 ಲಡಿ ಬಂದರೆ 40ನೇ ನಂಬರು, 80 ಬಂದರೆ 80. ನಂಬರ್ ಏರಿದಂತೆ ನೂಲು ಸಣ್ಣಗಾಗುತ್ತದೆ. ಅಳತೆಪಟ್ಟಿಯನ್ನು ಯಾರೂ ಎಳೆಗೆ ಅಡ್ಡ ಹಿಡಿಯುವುದಿಲ್ಲ. ಇಷ್ಟು ಹತ್ತಿಯಿಂದ ಎಷ್ಟು ಉದ್ದ ಹೊರಟಿತು ಎಂಬ ಲೆಕ್ಕವೊಂದೇ ಸಾಕು. ನಾನು ಬೆಳೆದದ್ದು ಕಿನ್ನಾಳದಲ್ಲಿ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗ್ಗಗಳ ಸದ್ದು ಕೇಳುತ್ತ ಈ ಲೆಕ್ಕ ಹುಡುಗನಾಗಿದ್ದಾಗಲೇ ಕಿವಿಗೆ ಬಿದ್ದಿತ್ತು. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣದಾದ ಕೊಬ್ಬಿನ ನಳಿಕೆಯ ದಪ್ಪವನ್ನು ವಿಜ್ಞಾನಿಗಳು ಹೆಚ್ಚುಕಡಿಮೆ ಇದೇ ಉಪಾಯದಿಂದ ಕಂಡುಕೊಂಡರು ಎಂದು ಬಹಳ ವರ್ಷಗಳ ನಂತರ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ನಳಿಕೆಯ ಕಥೆ ಶುರುವಾಗುವುದು ನರಗಳಿಂದ. 1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ ನರದ ಸುತ್ತಲಿನ ಜಿಡ್ಡನ್ನು ಹೋಲುವ ಪದಾರ್ಥವೊಂದು ದೇಹದ ಬೇರೆ ಬೇರೆ ಅಂಗಗಳಲ್ಲೂ ಇದೆ ಎಂದು ಬರೆದ. ಅದಕ್ಕೆ ಅವನು ಕೊಟ್ಟ ಹೆಸರು ಮಯಲಿನ್. ನೀರು ತಗುಲಿದ ಕೂಡಲೇ ಆ ಜಿಡ್ಡಿನ ಅಂಚಿನಿಂದ ಬೆರಳುಗಳಂಥ ಕೊಳವೆಗಳು ಹೊರಡುತ್ತಿದ್ದವು, ಬೆಳೆಯುತ್ತಿದ್ದವು, ಒಂದರ ಮೇಲೊಂದು ಸುರುಳಿಯಾಗಿ ಹೆಣೆದುಕೊಳ್ಳುತ್ತಿದ್ದವು. ಇದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಸೋಯಾದಿಂದ ತೆಗೆದ ಲೆಸಿಥಿನ್ ಅನ್ನು ಗಾಜಿನ ಪಟ್ಟಿಗೆ ತೆಳ್ಳಗೆ ಸವರಿ, ಒಂದು ಹನಿ ನೀರು ಬಿಟ್ಟು, ಸಾಧಾರಣ ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಸಾಕು. ಕೆಲವೇ ನಿಮಿಷಗಳಲ್ಲಿ ಜಿಡ್ಡು ಜೀವ ಬಂದಂತೆ ಅಲುಗಾಡತೊಡಗುತ್ತದೆ. ಅದರಲ್ಲಿ ಜೀವವಿಲ್ಲ ಎಂದು ಗೊತ್ತಿದ್ದರೂ ಕಣ್ಣು ತೆಗೆಯಲು ಮನಸ್ಸು ಬಾರದು. ಶಾಲೆಗಳಲ್ಲಿ ಮಕ್ಕಳಿಗೆ ಈರುಳ್ಳಿ ಸಿಪ್ಪೆ ತೋರಿಸುವ ಮೇಷ್ಟ್ರುಗಳು ಇದನ್ನೂ ತೋರಿಸಬೇಕು ಎಂಬುದು ನನ್ನ ಆಸೆ.

ವಿರ್ಖೋ ಕಂಡದ್ದು ಪದರದ ಮೇಲೆ ಪದರವಿದ್ದ ದಪ್ಪ ಕೊಳವೆಗಳನ್ನು. ಒಂದೇ ಪದರದ ಸಂಗತಿ ತಿಳಿಯಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿದರು. ಅದು ಆವರಿಸಿದ ಜಾಗ ಆ ಕಣಗಳ ಹೊರಮೈಯ ಎರಡು ಪಟ್ಟು ಇತ್ತು. ಅಂದರೆ ಜೀವಕೋಶದ ಹೊದಿಕೆ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಸಾಲು ಕೊಬ್ಬಿನ ಅಣುಗಳು. ನೀರನ್ನು ಬಯಸುವ ತಲೆಗಳು ಹೊರಕ್ಕೆ, ನೀರನ್ನು ಒಲ್ಲದ ಬಾಲಗಳು ಒಳಕ್ಕೆ. ಒಟ್ಟು ದಪ್ಪ ನಾಲ್ಕೈದು ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ನಾಲ್ಕೈದು ಭಾಗ. ಇಂಥ ಒಂಟಿ ಪೊರೆಯನ್ನು ಚಿವುಟಿ ಎಳೆದಾಗ ಹೊರಡುವ ನಳಿಕೆಯೇ ನಮ್ಮ ಕಥಾನಾಯಕ. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಸಾಧಾರಣ ಬೆಳಕು ಬಿಡಿಸಿ ತೋರಿಸಲಾರದು ಎಂದು ಅರ್ನ್‌ಸ್ಟ್ ಅಬೆ 1873ರಲ್ಲೇ ಗೆರೆ ಎಳೆದಿದ್ದ. ಆ ನಳಿಕೆಯ ಅಡ್ಡಳತೆ ಸಾಮಾನ್ಯವಾಗಿ ಆ ಗೆರೆಯ ಕೆಳಗೇ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಇದೆ ಎಂದು ತಿಳಿಯುತ್ತದೆ, ಎಷ್ಟು ದಪ್ಪ ಎಂದು ತಿಳಿಯುವುದಿಲ್ಲ.

ಇದಕ್ಕೆ ಬೇಕಾದ ಗಣಿತ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಆ ದಾರಿ ನಮ್ಮ ಮೈಸೂರು, ಬೆಂಗಳೂರುಗಳ ಪಕ್ಕದಲ್ಲೇ ಹಾದುಹೋಗುತ್ತದೆ.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟರಾಲಿನ ಎಸ್ಟರ್ ಒಂದನ್ನು ಕಾಯಿಸುತ್ತಿದ್ದ. ಅದು 145.5 ಡಿಗ್ರಿಗೆ ಒಮ್ಮೆ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಗೆ ಇನ್ನೊಮ್ಮೆ ತಿಳಿಯಾಯಿತು. ಕಾಯಿಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದ ಒಟ್ಟೊ ಲೇಮನ್‌ಗೆ ಅವನು ಕಾಗದ ಬರೆದ. ಹರಿಯುವುದರಲ್ಲಿ ದ್ರವ, ಅಣುಗಳ ಶಿಸ್ತಿನಲ್ಲಿ ಹರಳು: ಈ ನಡುವಿನ ಸ್ಥಿತಿಗೆ ದ್ರವಸ್ಫಟಿಕ ಎಂಬ ಹೆಸರು ನಿಂತಿತು. ನೀರಿನಲ್ಲಿ ನೆನೆದ ಕೊಬ್ಬಿನ ಪೊರೆಯೂ ಇದೇ ಕುಲದ್ದು. ಅದರ ಅಣುಗಳು ಪೊರೆಯೊಳಗೆ ಎಲ್ಲಿ ಬೇಕಾದರೂ ಜಾರಬಲ್ಲವು, ಆದರೆ ಸಾಲು ಬಿಟ್ಟು ಹೊರಬರಲಾರವು.

ಕರ್ನಾಟಕದಲ್ಲಿ ದ್ರವಸ್ಫಟಿಕಗಳ ಬೀಜ ಬಿತ್ತಿದವರು ಎಸ್. ಚಂದ್ರಶೇಖರ್. ಸಿ.ವಿ. ರಾಮನ್ ಅವರ ಸೋದರಳಿಯ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದ ಅವರು ಹತ್ತು ವರ್ಷ ಅಲ್ಲಿ ಶಿಷ್ಯರನ್ನು ಬೆಳೆಸಿದರು. ರಾಮನ್ 1970ರ ನವೆಂಬರ್ 21ರಂದು ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, ಮೈಸೂರಿನ ಕೆಲವು ಶಿಷ್ಯರೊಂದಿಗೆ ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. 1973ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಅಂತಾರಾಷ್ಟ್ರೀಯ ದ್ರವಸ್ಫಟಿಕ ಸಮ್ಮೇಳನ ನಡೆಯಿತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ 'ಪ್ರಮಾಣ' ಪತ್ರಿಕೆಯಲ್ಲಿ ಪುಟ್ಟ ಪ್ರಬಂಧ ಪ್ರಕಟಿಸಿದರು. ಕಡ್ಡಿಯಂಥ ಅಣುಗಳು ಮಾತ್ರ ದ್ರವಸ್ಫಟಿಕವಾಗುತ್ತವೆ ಎಂದು ಅಲ್ಲಿಯವರೆಗೆ ಲೋಕ ನಂಬಿತ್ತು. ಬಿಲ್ಲೆಯಂಥ ಅಣುಗಳೂ ನಾಣ್ಯ ಪೇರಿಸಿದಂತೆ ಕಂಬಗಳಾಗಿ ಒಟ್ಟಿಕೊಂಡು ದ್ರವಸ್ಫಟಿಕವಾಗುತ್ತವೆ ಎಂದು ಈ ಮೂವರು ತೋರಿಸಿಕೊಟ್ಟರು. ಜಗತ್ತಿನ ಪಠ್ಯಪುಸ್ತಕಗಳನ್ನು ತಿದ್ದಿದ ಈ ಕೆಲಸ ಬೆಂಗಳೂರಿನಿಂದ ಹೊರಡುವ ಪತ್ರಿಕೆಯಲ್ಲೇ ಬಂತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ. ಮುಂದೆ ಇದೇ ಸಂಸ್ಥೆಯ ಮೃದುದ್ರವ್ಯ ವಿಭಾಗದಲ್ಲಿ ಕೊಬ್ಬಿನ ಪೊರೆಗಳ ಅಧ್ಯಯನವೂ ಬೆಳೆಯಿತು.

ಬೆಂಗಳೂರಿನಲ್ಲಿ ಆ ಸಮ್ಮೇಳನ ಸೇರಿದ 1973ರಲ್ಲೇ ಜರ್ಮನಿಯ ವುಲ್ಫ್‌ಗಾಂಗ್ ಹೆಲ್‌ಫ್ರಿಕ್ ಪೊರೆಯ ಗಣಿತ ಬರೆದ. ಮೂರು ವರ್ಷ ಹಿಂದೆ ಮಾರ್ಟಿನ್ ಶಾಟ್ ಜೊತೆ ಸೇರಿ, ಕೈಗಡಿಯಾರ ಮತ್ತು ಕ್ಯಾಲ್ಕುಲೇಟರುಗಳ ಪರದೆಯಲ್ಲಿ ಅಂಕಿ ಮೂಡಿಸುವ ದ್ರವಸ್ಫಟಿಕದ ಉಪಾಯ ಕಂಡುಹಿಡಿದವನೂ ಇವನೇ. ದ್ರವಸ್ಫಟಿಕದ ಅಣುಸಾಲುಗಳನ್ನು ಅಗಲಿಸಲು, ತಿರುಚಲು, ಬಾಗಿಸಲು ಎಷ್ಟು ಶಕ್ತಿ ಬೇಕೆಂದು ಇಂಗ್ಲೆಂಡಿನ ಚಾರ್ಲ್ಸ್ ಫ್ರ್ಯಾಂಕ್ 1958ರಲ್ಲಿ ಲೆಕ್ಕ ಹಾಕಿಟ್ಟಿದ್ದ. ಪೊರೆಯನ್ನು ಬಗ್ಗಿಸಿದಾಗ ಅದರ ಅಣುಗಳೂ ಬೀಸಣಿಗೆಯ ಕಡ್ಡಿಗಳಂತೆ ಅಗಲುತ್ತವಲ್ಲವೆ? ಹೆಲ್‌ಫ್ರಿಕ್ ಆ ಲೆಕ್ಕವನ್ನು ಜೀವಕೋಶದ ಹೊದಿಕೆಗೆ ಹಚ್ಚಿದ. ಅದರಿಂದ ಸಿಕ್ಕದ್ದು ಒಂದು ಸಂಖ್ಯೆ: ಪೊರೆಯ ಗಡಸು, ಅಂದರೆ ಪೊರೆಯನ್ನು ಬಗ್ಗಿಸಲು ತಗಲುವ ಶಕ್ತಿ. ದಶಮಾಂಶ ಬಿಂದುವಿನ ಮುಂದೆ 18 ಸೊನ್ನೆ ಬರೆದು ಆಮೇಲೆ 1 ಹಾಕಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು ಜೂಲ್. ಕೇಳಲು ಏನೂ ಇಲ್ಲದಷ್ಟು ಸಣ್ಣದು. ಆದರೆ ನೀರಿನ ಅಣುಗಳ ನಿತ್ಯದ ಕುಲುಕಾಟದ ಶಕ್ತಿಗೆ ಹೋಲಿಸಿದರೆ ಇಪ್ಪತ್ತು ಇಪ್ಪತ್ತೈದು ಪಟ್ಟು. ಆದ್ದರಿಂದಲೇ ಪೊರೆ ಗಾಳಿಗೆ ಸಿಕ್ಕ ಪರದೆಯಂತೆ ಸದಾ ತುಯ್ದಾಡುತ್ತದೆ, ಆದರೂ ಚಿಂದಿಯಾಗುವುದಿಲ್ಲ.

ನಳಿಕೆಗೆ ಈ ಲೆಕ್ಕ ಹಚ್ಚಿದಾಗ ಬರುವ ಫಲವೇ ಇಡೀ ಕಥೆಯ ತಿರುಳು. ಪೊರೆಯಲ್ಲಿ ಬಿಗುವು ಇರುತ್ತದೆ. ಅದು ನಳಿಕೆಯನ್ನು ಹಿಂಡಿ ಕಿರಿದು ಮಾಡಲು ನೋಡುತ್ತದೆ. ಗಡಸು ಹೆಚ್ಚು ಬಾಗಲು ಒಪ್ಪದೆ ನಳಿಕೆಯನ್ನು ಅಗಲ ಮಾಡಲು ನೋಡುತ್ತದೆ. ಇಬ್ಬರೂ ರಾಜಿಯಾದ ಕಡೆ ದಪ್ಪ ನಿಲ್ಲುತ್ತದೆ. ಬಿಗುವು ನಾಲ್ಕು ಪಟ್ಟಾದರೆ ದಪ್ಪ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಶಾವಿಗೆ ಹೊಸೆಯುವಾಗ ಕಣಕದ ಎಳೆಯನ್ನು ಜಗ್ಗಿದಷ್ಟೂ ಸಣ್ಣಗಾಗುತ್ತದೆ, ಕೊನೆಗೆ ಹರಿಯುತ್ತದೆ. ಪೊರೆಯ ನಳಿಕೆ ಹಾಗಲ್ಲ. ಬಿಗುವು ಅಷ್ಟೇ ಇದ್ದರೆ ಎಷ್ಟೇ ಉದ್ದಕ್ಕೆ ಎಳೆಯಿರಿ, ದಪ್ಪ ಅಷ್ಟೇ ಇರುತ್ತದೆ. ಎಳೆಯಲು ಬೇಕಾದ ಬಲವೂ ಅಷ್ಟೇ. ಹಂಜಿಯಿಂದ ನೂಲು ತೆಗೆದಂತೆ, ಹಿಂದಿನ ಪೊರೆಯಿಂದ ಹೊಸ ಕೊಬ್ಬು ಹರಿದುಬಂದು ನಳಿಕೆಗೆ ಸೇರುತ್ತಲೇ ಇರುತ್ತದೆ.

ಈ ನಳಿಕೆಯನ್ನು ಮೊದಲು ಎಳೆದದ್ದು ರಕ್ತಕಣದಿಂದ. ಅದೂ ಅದೇ 1970ರ ದಶಕದ ಆರಂಭದಲ್ಲಿ. ಅಮೆರಿಕದ ರಾಬರ್ಟ್ ಹಾಕ್‌ಮತ್, ನಾರ್ಲ ಮೋಹನದಾಸ್ ಮತ್ತು ಸಂಗಡಿಗರು ಗಾಜಿಗೆ ಅಂಟಿದ ಕೆಂಪು ರಕ್ತಕಣಗಳ ಮೇಲೆ ದ್ರವ ಹರಿಸಿ, ಕಣ ಎಷ್ಟು ಹಿಗ್ಗುತ್ತದೆ ಎಂದು ಅಳೆಯುತ್ತಿದ್ದರು. ಹರಿವಿನ ಸೆಳೆತಕ್ಕೆ ಕೆಲವು ಕಣಗಳು ಅಂಟಿದ ಜಾಗ ಬಿಟ್ಟು ಮುಂದೆ ಹೋದವು. ಪೂರ್ತಿ ಬಿಡಿಸಿಕೊಂಡು ಹೋಗಲಿಲ್ಲ. ಗೂಟಕ್ಕೆ ಕಟ್ಟಿದ ಕರುವಿನಂತೆ ತೆಳ್ಳನೆಯ ಎಳೆಯೊಂದರ ತುದಿಯಲ್ಲಿ ನಿಂತವು.

ಆ ಎಳೆಯ ದಪ್ಪವನ್ನು ಅಳೆಯುವ ಬಗೆ ಹಲವರ ಕೈಯಲ್ಲಿ ಪಳಗಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1989ರಲ್ಲಿ ರಾಚೆಸ್ಟರಿನ ಲಿನ್ ಬೋ ಮತ್ತು ರಿಚರ್ಡ್ ವಾ ಮಾಡಿದ ಪ್ರಯೋಗ. ರಕ್ತಕಣದಂಥ ಸಿಕ್ಕುಸಿಕ್ಕಾದ ವಸ್ತುವನ್ನು ಬಿಟ್ಟು ಅವರು ಶುದ್ಧ ಕೊಬ್ಬಿನ ಗುಳ್ಳೆಯೊಂದನ್ನು ತೆಗೆದುಕೊಂಡರು. ಕೂದಲಿಗಿಂತ ಸಣ್ಣ ಬಾಯಿಯ ಗಾಜಿನ ಪಿಪೆಟ್ಟಿನಿಂದ ಅದನ್ನು ಮೆಲ್ಲಗೆ ಹೀರಿ ಹಿಡಿದರು. ಗುಳ್ಳೆಯ ಒಂದು ಭಾಗ ಪಿಪೆಟ್ಟಿನೊಳಗೆ ನಾಲಿಗೆಯಂತೆ ಚಾಚಿಕೊಂಡಿತು. ಹೀರುವಿಕೆ ಎಷ್ಟೆಂದು ಗೊತ್ತಿದ್ದರಿಂದ ಪೊರೆಯ ಬಿಗುವು ಎಷ್ಟೆಂದೂ ಗೊತ್ತಾಯಿತು. ಗುಳ್ಳೆಯ ಇನ್ನೊಂದು ಬದಿಗೆ ಪುಟ್ಟ ಗಾಜಿನ ಮಣಿಯೊಂದನ್ನು ಅಂಟಿಸಿದರು. ಮಣಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯತೊಡಗಿತು. ಬಾವಿಗೆ ಬಿಟ್ಟ ಕೊಡದ ಹಿಂದೆ ಹಗ್ಗ ಬರುವಂತೆ ಅದರ ಹಿಂದೆ ನಳಿಕೆ ಬಂತು.

ಈಗ ನೂಲಿನ ಲೆಕ್ಕ. ನಳಿಕೆಗೆ ಬೇಕಾದ ಪೊರೆ ಎಲ್ಲಿಂದಲೋ ಬರಲೇಬೇಕು, ಅದು ಬಂದದ್ದು ಪಿಪೆಟ್ಟಿನೊಳಗಿನ ನಾಲಿಗೆಯಿಂದ. ನಳಿಕೆ ಉದ್ದವಾದಂತೆ ನಾಲಿಗೆ ಹಿಂದೆ ಸರಿಯಿತು. ನಾಲಿಗೆ ಕೆಲವು ಮೈಕ್ರೊಮೀಟರ್ ಅಗಲ. ಅದು ಸರಿಯುವುದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಿಪೆಟ್ಟಿನ ತ್ರಿಜ್ಯ 4 ಮೈಕ್ರೊಮೀಟರ್ ಎಂದುಕೊಳ್ಳಿ. ನಳಿಕೆ 100 ಮೈಕ್ರೊಮೀಟರ್ ಬೆಳೆಯುವಷ್ಟರಲ್ಲಿ ನಾಲಿಗೆ 1 ಮೈಕ್ರೊಮೀಟರ್ ಕುಗ್ಗಿತು ಎಂದುಕೊಳ್ಳಿ. ನಳಿಕೆಯ ತ್ರಿಜ್ಯ 4ರ ನೂರನೇ ಒಂದು ಪಾಲು, ಸುಮಾರು 40 ನ್ಯಾನೊಮೀಟರ್. ಬೆಳಕಿಗೆ ದಕ್ಕದ ದಪ್ಪ ಕಾಣುವ ಎರಡು ಉದ್ದಗಳ ಭಾಗಾಕಾರದಲ್ಲಿ ಸಿಕ್ಕಿಬಿಟ್ಟಿತು. ಇಷ್ಟು ಪೊರೆಯಿಂದ ಎಷ್ಟು ಉದ್ದ ಹೊರಟಿತು, ಅಷ್ಟೇ. ಇದೇ ಆ ನಳಿಕೆಯ ನಂಬರು. ಈ ಪ್ರಯೋಗದಿಂದ ಪೊರೆಯ ಗಡಸು ಎಷ್ಟೆಂದೂ ಅವರು ತೆಗೆದರು. ಬಂದ ಉತ್ತರ ಮೇಲೆ ಹೇಳಿದ ಸಂಖ್ಯೆಯ ಸುಮಾರು ಎರಡರಷ್ಟು.

ಮಣಿಯ ಜಾಗಕ್ಕೆ ಬೆಳಕು ಬಂದದ್ದು ಮುಂದಿನ ಹೆಜ್ಜೆ. ಬೆಲ್ ಪ್ರಯೋಗಾಲಯದ ಆರ್ಥರ್ ಆಶ್ಕಿನ್ 1986ರಲ್ಲಿ, ಬಿಗಿಯಾಗಿ ಕೇಂದ್ರೀಕರಿಸಿದ ಒಂದೇ ಲೇಸರ್ ಕಿರಣದಿಂದ ಪುಟ್ಟ ಕಣವನ್ನು ಹಿಡಿದು ನಿಲ್ಲಿಸಬಹುದೆಂದು ತೋರಿಸಿದ್ದ. ಈ ಬೆಳಕಿನ ಚಿಮಟದಲ್ಲಿ ಮಣಿ ಹಿಡಿದು, ಪೊರೆಗೆ ತಾಗಿಸಿ, ಹಿಂದಕ್ಕೆಳೆದರೆ ನಳಿಕೆ ಹೊರಡುತ್ತದೆ. ಅದು ಮಣಿಯನ್ನು ತನ್ನ ಕಡೆಗೆ ಜಗ್ಗುತ್ತದೆ. ಮಣಿ ಚಿಮಟದ ನಡುವಿನಿಂದ ಎಷ್ಟು ಸರಿಯಿತೋ ಅದರಿಂದ ಬಲ ತಿಳಿಯುತ್ತದೆ. ಇಲ್ಲೊಂದು ಚಂದದ ಸಂಬಂಧವಿದೆ. ಬಲವನ್ನು ತ್ರಿಜ್ಯದಿಂದ ಗುಣಿಸಿದರೆ ಬಿಗುವು ಲೆಕ್ಕದಿಂದಲೇ ಬಿದ್ದುಹೋಗಿ ಗಡಸೊಂದೇ ಉಳಿಯುತ್ತದೆ. ಸಾಧಾರಣ ಗಡಸಿನ, 50 ನ್ಯಾನೊಮೀಟರ್ ತ್ರಿಜ್ಯದ ನಳಿಕೆಯನ್ನು ಎಳೆದಿಡಲು ಬೇಕಾದ ಬಲ 12-13 ಪಿಕೊನ್ಯೂಟನ್. ಹೆಚ್ಚೆಂದರೆ ಹತ್ತು ಹನ್ನೆರಡು ಕೆಂಪು ರಕ್ತಕಣಗಳ ತೂಕ.

ಪುಣೆಯಲ್ಲಿ ಥಾಮಸ್ ಪುಕಾಡಿಲ್ ಅವರ ತಂಡ ಬೇರೆಯೇ ದಾರಿ ಹಿಡಿಯಿತು. ಅವರು ಬಲವನ್ನು ಬಿಟ್ಟು ಹೊಳಪನ್ನು ಅಳೆದರು. ಬೆಳಗುವ ಬಣ್ಣ ಬೆರೆಸಿದ ಕೊಬ್ಬಿನ ಗುಳ್ಳೆಗಳನ್ನು ನೀರಿನ ಹರಿವಿನಲ್ಲಿ ಗಾಜಿನ ಮೇಲೆ ಉದ್ದುದ್ದ ನಳಿಕೆಗಳಾಗಿ ಎಳೆದು ಹಾಸಿದರು. ನಳಿಕೆಯ ದಪ್ಪ ಕಾಣದಿದ್ದರೂ, ದಪ್ಪ ಇದ್ದಷ್ಟೂ ಅದರಲ್ಲಿ ಬಣ್ಣ ಹೆಚ್ಚು, ಹೊಳಪೂ ಹೆಚ್ಚು. ಪಕ್ಕದಲ್ಲಿ ಚಪ್ಪಟೆಯಾಗಿ ಹರಡಿದ ಅದೇ ಪೊರೆಯ ಹೊಳಪಿನೊಡನೆ ತೂಗಿ ನೋಡಿದರೆ ತ್ರಿಜ್ಯ ಸಿಗುತ್ತದೆ. 2015ರಲ್ಲಿ ಪ್ರಕಟವಾದ ಆ ಕೆಲಸದ ಗುರಿ ನಳಿಕೆಯನ್ನು ಕತ್ತರಿಸುವ ಡೈನಮಿನ್ ಎಂಬ ಪ್ರೋಟೀನು. ಅದಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟಿದೆ. ಬಿಸಿ ತಾಗಿದರೆ ಥಟ್ಟನೆ ಸೆಡೆತು ಬೀಳುವ, ತಂಪಾದರೆ ಮತ್ತೆ ಏಳುವ ಹಣ್ಣಿನ ನೊಣಗಳ ನರಗಳನ್ನು 1970ರ ದಶಕದಲ್ಲಿ ಸೀಮೋರ್ ಬೆಂಜರ್ ಜೊತೆ ಪರೀಕ್ಷಿಸಿದ ಒಬೈದ್ ಸಿದ್ದಿಕಿ, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು. ಆ ಬಗೆಯ ನೊಣಗಳಲ್ಲಿ ಒಂದರ ಹೆಸರು ಶಿಬಿರೆ. ಜಪಾನಿ ಭಾಷೆಯಲ್ಲಿ ಜೋಮು ಹಿಡಿಯುವುದು ಎಂದರ್ಥ. ಅದರಲ್ಲಿ ಕೆಟ್ಟಿರುವುದು ಡೈನಮಿನ್ ಜೀನು ಎಂದು 1991ರಲ್ಲಿ ತಿಳಿದುಬಂತು. ನರದ ತುದಿಯಲ್ಲಿ ಪೊರೆಯ ಪುಟ್ಟ ಕುತ್ತಿಗೆಗಳು ಕತ್ತರಿಸಿ ಬೀಳದಿದ್ದರೆ ನೊಣ ಅಲ್ಲಾಡಲಾರದು.

ಪುಣೆಯ ಕೆಲಸ ಹೊರಬಂದ ವರ್ಷದಲ್ಲೇ, ಅಂದರೆ 2015ರ ಆರಂಭದಲ್ಲಿ, ರಾಮನ್ ಸಂಸ್ಥೆಯ ಪ್ರಮೋದ್ ಪುಳ್ಳರ್ಕಾಟ್, ಅನಘಾ ದಾತಾರ್, ಪ್ಯಾರಿಸಿನ ಪೆಟ್ರೀಸಿಯಾ ಬಸ್ಸೆರೊ, ಜಾಕ್ ಪ್ರೋಸ್ಟ್ ಮತ್ತು ಸಂಗಡಿಗರು ನಳಿಕೆಯನ್ನು ಮರಳಿ ನರಕ್ಕೇ ತಂದರು. ಇದಕ್ಕೆ ಹಿನ್ನೆಲೆಯಿದೆ. ನರತಂತುವನ್ನು ಥಟ್ಟನೆ ತೆಳು ದ್ರಾವಣದಲ್ಲಿಟ್ಟರೆ ನೀರು ನುಗ್ಗಿ ಅದರ ನೇರ ಕೊಳವೆ ಉಬ್ಬುತಗ್ಗಿನ ಮಣಿಸರದಂತಾಗುತ್ತದೆ, ನಿಮಿಷಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ ಎಂದು ಪುಳ್ಳರ್ಕಾಟ್ 2006ರಲ್ಲೇ ಜೊತೆಗಾರರೊಂದಿಗೆ ವರದಿ ಮಾಡಿದ್ದರು. ಈಗ ಕೇಳಿದ ಪ್ರಶ್ನೆ ಇನ್ನೂ ಸೂಕ್ಷ್ಮ: ನರತಂತುವಿನ ಪೊರೆ ಒಳಗಿನ ಹಂದರಕ್ಕೆ ಎಷ್ಟು ಗಟ್ಟಿಯಾಗಿ ಅಂಟಿದೆ?

ಇಲ್ಲಿ ನನಗೆ ನಮ್ಮೂರಿನ ಗೊಂಬೆ ನೆನಪಾಗುತ್ತದೆ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿದ ಭಾಗಗಳನ್ನು ಜೋಡಿಸಿ, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟವನ್ನು ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಂಡುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಗರುಡನ ರೆಕ್ಕೆಯ ಹೊರಮೈ ಒಳಗಿನ ಮರವನ್ನು ಬಿಟ್ಟು ಒಂದು ಎಳ್ಳಿನಷ್ಟೂ ಜಾರುವುದಿಲ್ಲ. ಅಂಟಿನ ಕೆಲಸವೇ ಅದು. ಹೆಚ್ಚಿನ ಜೀವಕೋಶಗಳ ಪೊರೆಯೂ ಹೀಗೆಯೇ. ಅದರಿಂದ ಎಳೆದ ನಳಿಕೆಯ ಬುಡ ಇದ್ದಲ್ಲೇ ಇರುತ್ತದೆ.

ಆದರೆ ಕೋಳಿಮರಿಯ ಭ್ರೂಣದಿಂದ ತೆಗೆದು ಬೆಳೆಸಿದ ನರತಂತುಗಳಿಂದ ನಳಿಕೆ ಎಳೆದು, ಮಣಿಯನ್ನು ಪಕ್ಕಕ್ಕೆ ಸರಿಸಿದಾಗ ನಳಿಕೆಯ ಬುಡ ನರದ ಮೇಲೆ ಜಾರಿತು. ಬರೀ ಕೊಬ್ಬಿನ ಗುಳ್ಳೆಯ ಮೇಲಾದರೆ ಹೀಗೆ ಜಾರುವುದು ಸಹಜ. ಜೀವಂತ ಕೋಶದ ಮೇಲೆ ಅಪರೂಪ. ಹಾಗೆಂದು ಅದು ಬರೀ ಗುಳ್ಳೆಯಂತೆಯೂ ನಡೆದುಕೊಳ್ಳಲಿಲ್ಲ. ಸುಮ್ಮನೆ ಹಿಡಿದಿಟ್ಟ ನಳಿಕೆಯ ಬಲ ಇದ್ದಕ್ಕಿದ್ದಂತೆ ತಾನಾಗಿ ಏರಿ ಇಳಿಯುತ್ತಿತ್ತು. ಒಳಗಿನಿಂದ ಯಾರೋ ಜಗ್ಗಿ ಬಿಟ್ಟಂತೆ. ಕೋಶದ ಹಂದರದ ಆಕ್ಟಿನ್ ಎಳೆಗಳನ್ನು ಔಷಧಿಯಿಂದ ಬಿಡಿಸಿದಾಗ ಆ ಜಗ್ಗಾಟ ನಿಂತುಹೋಯಿತು. ಅಂಟಿಯೂ ಅಂಟದಂತಿರುವ ಹೊದಿಕೆ ಅದು. ನಮ್ಮ ಮೈಯ ಉದ್ದಗಲಕ್ಕೂ ಇಂಥ ತಂತುಗಳು ಹಬ್ಬಿವೆ, ಕೈಕಾಲು ಚಾಚಿದಾಗಲೆಲ್ಲ ಎಳೆತಕ್ಕೆ ಸಿಗುತ್ತವೆ. ಆದರೂ ಹರಿಯುವುದಿಲ್ಲ.

ಹೇಗೆ ಎಂಬುದಕ್ಕೆ ಒಂದು ಉತ್ತರ ಅದೇ ಪ್ರಯೋಗಾಲಯದಿಂದ 2020ರಲ್ಲಿ ಬಂತು. ಇಡೀ ನರತಂತುವನ್ನೇ ಎಳೆದು ನೋಡುವ ಸಾಧನವೊಂದನ್ನು ಅಲ್ಲಿ ತಾವೇ ರೂಪಿಸಿಕೊಂಡಿದ್ದರು. ಹೆಚ್ಚು ಎಳೆದಂತೆ ತಂತು ಬಿಗಿಯಾಗುವ ಬದಲು ಮೆತ್ತಗಾಗುತ್ತಿತ್ತು. ಪೊರೆಯ ಒಳಮಗ್ಗುಲಿಗೆ ಆಕ್ಟಿನ್ ಉಂಗುರಗಳು ಬಳೆಯಂತೆ ಸಾಲಾಗಿ ನಿಂತಿವೆ, ಅವುಗಳನ್ನು ಸ್ಪೆಕ್ಟ್ರಿನ್ ಎಂಬ ಪ್ರೋಟೀನು ಬೆಸೆದಿದೆ ಎಂಬುದು ಹೊಸ ಬಗೆಯ ಸೂಕ್ಷ್ಮದರ್ಶಕದಿಂದ 2013ರಲ್ಲಷ್ಟೇ ಕಂಡಿತ್ತು. ಒಂದು ಉಂಗುರದಿಂದ ಇನ್ನೊಂದಕ್ಕೆ ಸುಮಾರು 190 ನ್ಯಾನೊಮೀಟರ್, ಅಬೆ ಎಳೆದ ಗೆರೆಯ ಸ್ವಲ್ಪ ಕೆಳಗೆ. ಎಳೆತ ಬಿದ್ದಾಗ ಸ್ಪೆಕ್ಟ್ರಿನ್ ತನ್ನ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚುತ್ತದೆ, ಎಳೆತ ಹೋದಾಗ ಮತ್ತೆ ಮಡಿಚಿಕೊಳ್ಳುತ್ತದೆ ಎಂದು ಬೆಂಗಳೂರಿನ ತಂಡ ವಾದಿಸಿತು. ಈ ಸ್ಪೆಕ್ಟ್ರಿನ್ ಮೊದಲು ಸಿಕ್ಕದ್ದು 1968ರಲ್ಲಿ, ನರದಲ್ಲಲ್ಲ, ಕೆಂಪು ರಕ್ತಕಣದಲ್ಲಿ. ಕೆಲವೇ ವರ್ಷಗಳ ನಂತರ ಗಾಜಿಗೆ ಅಂಟಿ, ಹರಿವಿಗೆ ಸಿಕ್ಕು, ತನ್ನ ಹಿಂದೆ ನಳಿಕೆ ಬಿಡುತ್ತ ಮುಂದೆ ಸರಿದದ್ದು ಇದೇ ಕಣ.